ಸಭಾಕಂಪನವಿದ್ದೂ ವಿಜ್ಞಾನ ಪ್ರಾಜೆಕ್ಟನ್ನು ಮಂಡಿಸುವುದು ಹೇಗೆ

ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಮಂಡನೆಯ ದಿನ ಚಿತ್ರದುರ್ಗದ ನಮ್ಮ ಕಾಲೇಜಿನ ವರಾಂಡದಲ್ಲಿ ನಿಂತರೆ ಪ್ರತಿ ವರ್ಷವೂ ಒಂದೇ ದೃಶ್ಯ ಕಾಣುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ಊರೂರು ಅಲೆದು ಕೊಳವೆಬಾವಿಯ ನೀರನ್ನು ಬಾಟಲಿಗಳಲ್ಲಿ ಹೊತ್ತು ತಂದ, ಒಂದೊಂದು ರೀಡಿಂಗನ್ನೂ ಮೂರು ಸಲ ತೆಗೆದು ಸರಾಸರಿ ಹಾಕಿದ ವಿದ್ಯಾರ್ಥಿನಿಯೊಬ್ಬಳು ಗೋಡೆಗೆ ಮುಖಮಾಡಿ, ಕೈಯಲ್ಲಿ ನಾಲ್ಕು ಹಾಳೆ ಹಿಡಿದು, ಪಿಸುದನಿಯಲ್ಲಿ ಉರು ಹೊಡೆಯುತ್ತಿರುತ್ತಾಳೆ. ಒಳಗೆ ಹೋದ ಮೇಲೆ ಎರಡನೆಯ ವಾಕ್ಯಕ್ಕೇ ಅವಳ ಮಾತು ನಿಂತುಬಿಡುತ್ತದೆ. ತಾನು ಮಾಡಿದ ಕೆಲಸ ಅವಳಿಗೆ ಚೆನ್ನಾಗಿಯೇ ಗೊತ್ತು. ಆದರೆ ಆ ಕ್ಷಣದಲ್ಲಿ ಅವಳು ಕೆಲಸವನ್ನು ಬಿಟ್ಟು ಹಾಳೆಯ ಸಾಲುಗಳನ್ನು ನೆನಪಿಸಿಕೊಳ್ಳುತ್ತಿರುತ್ತಾಳೆ, ಮತ್ತು ಹೆದರಿದ ಮನಸ್ಸಿಗೆ ಬಾಯಿಪಾಠದಷ್ಟು ಬೇಗ ಕೈಕೊಡುವ ವಸ್ತು ಇನ್ನೊಂದಿಲ್ಲ.

ಮೊದಲು ಈ ಹೆದರಿಕೆಯ ಸ್ವರೂಪವನ್ನು ತಿಳಿದುಕೊಳ್ಳುವುದು ಒಳ್ಳೆಯದು. ನಾಲ್ಕು ಜನರೆದುರು ನಿಂತಾಗ ಮೆದುಳು ಅಪಾಯದ ಸೂಚನೆ ಕೊಡುತ್ತದೆ, ಅಡ್ರಿನಲಿನ್ ರಕ್ತಕ್ಕಿಳಿಯುತ್ತದೆ, ಎದೆಬಡಿತ ಏರುತ್ತದೆ, ಉಸಿರು ಮೇಲುಮೇಲಾಗುತ್ತದೆ, ಜೊಲ್ಲು ಕಡಿಮೆಯಾಗಿ ನಾಲಿಗೆ ಅಂಗುಳಕ್ಕೆ ಅಂಟುತ್ತದೆ. ಇವುಗಳಲ್ಲಿ ನಾವು ನೇರವಾಗಿ ಹಿಡಿತಕ್ಕೆ ತೆಗೆದುಕೊಳ್ಳಬಹುದಾದದ್ದು ಉಸಿರೊಂದೇ. ನಾಲ್ಕು ಎಣಿಸುವಷ್ಟು ಹೊತ್ತು ಉಸಿರೆಳೆದು, ಆರು ಅಥವಾ ಎಂಟು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡುವುದನ್ನು ಹತ್ತು ಬಾರಿ ಮಾಡಿದರೆ ಎದೆಬಡಿತ ಸ್ವಲ್ಪ ತಗ್ಗುತ್ತದೆ. ಇದನ್ನು ಹಿಂದಿನ ವಾರದಿಂದಲೇ ರೂಢಿಸಿಕೊಳ್ಳಬೇಕು, ಏಕೆಂದರೆ ಆ ಹೊತ್ತಿನಲ್ಲಿ ಹೊಸದಾಗಿ ಮಾಡಲು ಹೋದರೆ ಎಣಿಕೆಯೇ ತಪ್ಪುತ್ತದೆ. ಇನ್ನೊಂದು ಮಾತು: ನಮ್ಮ ನಡುಕ ನಮಗೆ ಕಾಣುವಷ್ಟು ಕೇಳುಗರಿಗೆ ಕಾಣುವುದಿಲ್ಲ. ಕೆನೆತ್ ಸಾವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ ಎಂಬ ಮನೋವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಸಂಗತಿಯನ್ನು ಮುಂಚಿತವಾಗಿ ತಿಳಿಸಲಾದ ವಿದ್ಯಾರ್ಥಿಗಳು ಉಳಿದವರಿಗಿಂತ ಉತ್ತಮವಾಗಿ ಮಾತನಾಡಿದರು. ಆದ್ದರಿಂದ ನಿಮ್ಮ ಕೈ ನಡುಗಿದರೆ ಅದಕ್ಕಾಗಿ ಕ್ಷಮೆ ಕೇಳಬೇಡಿ. ಕೇಳಿದರೆ ಅದುವರೆಗೆ ಗಮನಿಸದವರೂ ಕೈಯನ್ನೇ ನೋಡತೊಡಗುತ್ತಾರೆ. ಹೆದರಿಕೆಯಿಂದ ವಾರಗಟ್ಟಲೆ ನಿದ್ದೆಯಿಲ್ಲದಂತಾಗಿದ್ದರೆ ಅಥವಾ ಕಾಲೇಜಿಗೆ ಬರುವುದನ್ನೇ ತಪ್ಪಿಸುವಂತಾಗಿದ್ದರೆ ಮಾತ್ರ ಈ ಬಗೆಯ ಉಪಾಯಗಳಿಗೆ ಕಾಯದೆ ಪ್ರಾಜೆಕ್ಟಿನ ಗೈಡ್‌ಗೆ ತಿಳಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡುವುದು ಸರಿಯಾದ ದಾರಿ.

ಈಗ ಮಂಡನೆಗೆ ಬರೋಣ. ನನ್ನ ಅನುಭವದಲ್ಲಿ ಅಂಜುಬುರುಕರಿಗೆ ಅತ್ಯಂತ ದೊಡ್ಡ ಸಹಾಯ ಮಾಡುವುದು ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತು. ನಮ್ಮ ಜಿಲ್ಲೆಯಲ್ಲಿ ಅಂತರ್ಜಲದ ಫ್ಲೋರೈಡ್ (ಮಿತಿ ಮೀರಿದರೆ ಹಲ್ಲು, ಮೂಳೆಗಳನ್ನು ಕೆಡಿಸುವ ಅಂಶ) ಹಳೆಯ ಸಮಸ್ಯೆಯಾದ್ದರಿಂದ ಪ್ರತಿ ತಂಡದಲ್ಲೂ ಒಬ್ಬಿಬ್ಬರು ಅದನ್ನೇ ವಿಷಯವಾಗಿ ಆರಿಸಿಕೊಳ್ಳುತ್ತಾರೆ. ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. “ಮಾನ್ಯ ಅಧ್ಯಕ್ಷರೇ, ಗುರುಹಿರಿಯರೇ” ಎಂದು ಆರಂಭಿಸಿ, ಫ್ಲೋರಿನ್‌ನ ಪರಮಾಣು ಸಂಖ್ಯೆಯಿಂದ ಹೊರಟು, ಐದು ನಿಮಿಷವಾದರೂ ತಮ್ಮ ಊರಿಗೆ ಬಾರದವರನ್ನು ನೋಡಿದ್ದೇನೆ. ಅದರ ಬದಲು ನಮಸ್ಕಾರ ಹೇಳಿ, ಮೇಜಿನ ಮೇಲಿನ ಬಾಟಲಿಯನ್ನು ಎತ್ತಿ ಹಿಡಿದು ಹೀಗೆ ಹೇಳಬಹುದು: “ಇದು ನಮ್ಮೂರ ಕೊಳವೆಬಾವಿಯ ನೀರು. ನೋಡಲು ತಿಳಿಯಾಗಿದೆ. ನಾನು ಅಳೆದಾಗ ಇದರಲ್ಲಿ ಲೀಟರಿಗೆ 2.4 ಮಿಲಿಗ್ರಾಂ ಫ್ಲೋರೈಡ್ ಸಿಕ್ಕಿತು. ಭಾರತೀಯ ಮಾನಕ ಒಪ್ಪುವುದು 1 ಮಿಲಿಗ್ರಾಂ; ಬೇರೆ ನೀರೇ ಇಲ್ಲದಿದ್ದಲ್ಲಿ 1.5.” ನಾಲ್ಕೇ ವಾಕ್ಯಗಳಲ್ಲಿ ಸಮಸ್ಯೆ, ಸ್ಥಳ, ಅಳತೆ, ಮಿತಿ ಎಲ್ಲವೂ ಬಂದವು. ಅದಕ್ಕಿಂತ ಮುಖ್ಯವಾಗಿ, ಕೇಳುಗರ ಕಣ್ಣುಗಳು ನಿಮ್ಮ ಮುಖದಿಂದ ಬಾಟಲಿಗೆ ಹೋದವು, ಮತ್ತು ನಿಮ್ಮ ಕೈಗೆ ಒಂದು ಕೆಲಸ ಸಿಕ್ಕಿತು.

ಇದರ ಮುಂದುವರಿಕೆಯಾಗಿ ಒಂದು ಸ್ಟ್ಯಾಂಡಿನಲ್ಲಿ, ಫ್ಲೋರೈಡಿನ ಪ್ರಮಾಣ ಮೊದಲೇ ಗೊತ್ತಿರುವ ನೀರು ತುಂಬಿದ ಐದು ಪ್ರನಾಳಗಳನ್ನು (ಟೆಸ್ಟ್ ಟ್ಯೂಬ್) ಸಾಲಾಗಿ ಇಟ್ಟಿರಬೇಕು. ಜಿರ್ಕೋನಿಯಂ ಎಂಬ ಲೋಹದ ಲವಣ ಮತ್ತು ಅಲಿಜರಿನ್ ಎಂಬ ಬಣ್ಣವಸ್ತು ಸೇರಿದ ದ್ರಾವಣವನ್ನು ಹಾಕಿದಾಗ ಫ್ಲೋರೈಡ್ ಇಲ್ಲದ ನೀರು ಗುಲಾಬಿಗೆಂಪಾಗಿಯೇ ಉಳಿಯುತ್ತದೆ. ಫ್ಲೋರೈಡ್ ಹೆಚ್ಚಿದಂತೆ ಅದು ಜಿರ್ಕೋನಿಯಂ ಅನ್ನು ತನ್ನತ್ತ ಸೆಳೆದುಕೊಳ್ಳುವುದರಿಂದ ಕೆಂಪು ತೆಳುವಾಗಿ ಹಳದಿಗೆ ತಿರುಗುತ್ತದೆ. ಬಿಳಿ ಹಾಳೆಯನ್ನು ಹಿಂದೆ ಹಿಡಿದು, ನಿಮ್ಮೂರ ನೀರಿನ ಪ್ರನಾಳವನ್ನು ಒಂದೊಂದರ ಪಕ್ಕಕ್ಕೆ ಸರಿಸುತ್ತಾ ಹೋದರೆ ಯಾವುದಕ್ಕೆ ಹೊಂದುತ್ತದೆಂದು ಕೊನೆಯ ಬೆಂಚಿನವರೂ ಬಾಯಿಬಿಟ್ಟು ಹೇಳುತ್ತಾರೆ. ಆದರೆ ಬಣ್ಣ ನೆಲೆಗೊಳ್ಳಲು ಹೊತ್ತು ಬೇಕಾದ್ದರಿಂದ ಇವನ್ನು ಮುಂಚೆಯೇ ಸಿದ್ಧಪಡಿಸಿಟ್ಟುಕೊಳ್ಳಿ. ವೇದಿಕೆಯ ಮೇಲೆ ಪಿಪೆಟ್ ಹಿಡಿದು ಹನಿ ಎಣಿಸುವ ಸಾಹಸ ನಡುಗುವ ಕೈಗೆ ತಕ್ಕದ್ದಲ್ಲ.

ಬರೆದು ಉರು ಹೊಡೆಯುವ ಅಭ್ಯಾಸಕ್ಕೆ ನನ್ನ ಪರ್ಯಾಯ ಇದು. ಮೊದಲ ವಾಕ್ಯವನ್ನೂ ಕೊನೆಯ ವಾಕ್ಯವನ್ನೂ ಮಾತ್ರ ಬಾಯಿಪಾಠ ಮಾಡಿ. ನಡುವಿನ ಭಾಗವನ್ನು ಪ್ರಶ್ನೆಗಳಾಗಿ ಅಂಗೈಯಗಲದ ಒಂದು ಕಾರ್ಡಿನಲ್ಲಿ ಬರೆಯಿರಿ: ನೀರು ಎಲ್ಲಿಂದ ತಂದೆ, ಏಕೆ ಅಲ್ಲಿಂದ, ಹೇಗೆ ಅಳೆದೆ, ಏನು ಸಿಕ್ಕಿತು, ಎಲ್ಲಿ ಎಡವಿದೆ. ಪ್ರಶ್ನೆ ಕಣ್ಣಿಗೆ ಬಿದ್ದರೆ ಉತ್ತರ ತಾನಾಗಿ ಬರುತ್ತದೆ, ಏಕೆಂದರೆ ಅದು ನೀವು ನಡೆದ ದಾರಿ. ಸ್ಲೈಡುಗಳೂ ಹೀಗೆಯೇ ಇರಲಿ. ಒಂದು ಸ್ಲೈಡಿಗೆ ಒಂದು ಚಿತ್ರ ಅಥವಾ ಒಂದು ಗ್ರಾಫ್ ಸಾಕು. ಗ್ರಾಫ್ ಬಂದಾಗ ಅಡ್ಡಗೆರೆಯಲ್ಲಿ ಏನಿದೆ, ನಿಂತಗೆರೆಯಲ್ಲಿ ಏನಿದೆ ಎಂದು ಮೊದಲು ಹೇಳಿ, ಆಮೇಲೆ ಬೆರಳಿಟ್ಟು ತೋರಿಸಿ.

ಅಭ್ಯಾಸಕ್ಕೆ ಕನ್ನಡಿಗಿಂತ ಮನುಷ್ಯರು ಲೇಸು. ಮೊದಲು ಒಬ್ಬ ಗೆಳತಿ, ಆಮೇಲೆ ಹಾಸ್ಟೆಲಿನ ಕೋಣೆಯವರು, ಆಮೇಲೆ ಮಂಡನೆ ನಡೆಯುವ ಅದೇ ಕೋಣೆಯಲ್ಲಿ ತರಗತಿಯ ಕೆಲವರು, ಹೀಗೆ ಕೇಳುಗರನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತಾ ಹೋಗಬೇಕು. ಮನೆಯಲ್ಲಿ ಹಿರಿಯರಿದ್ದರೆ ಬಿಡಬೇಡಿ. ಚಳ್ಳಕೆರೆ ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳು ಅಜ್ಜಿಯೆದುರು ಎಂಟು ನಿಮಿಷ ಹೇಳಿ ಮುಗಿಸಿದಾಗ ಆ ಅಜ್ಜಿ, “ಅದೆಲ್ಲ ಇರ್ಲಿ, ಈ ನೀರು ಕುಡೀಬೇಕೋ ಬ್ಯಾಡೋ, ಅದ್ನ ಹೇಳವ್ವ” ಎಂದರಂತೆ. ಅವಳ ವರದಿಯಲ್ಲಿ ಎಲ್ಲವೂ ಇತ್ತು, ಅದೊಂದು ವಾಕ್ಯ ಇರಲಿಲ್ಲ. ಮಂಡನೆಯ ದಿನ ಅವಳು ಮುಗಿಸಿದ್ದು ಆ ಪ್ರಶ್ನೆಗೆ ಉತ್ತರ ಹೇಳಿಯೇ.

ಭಾಷೆಯ ಅಂಜಿಕೆಯನ್ನು ಪ್ರತ್ಯೇಕವಾಗಿ ಹೇಳಲೇಬೇಕು. ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಯ ದಾವಣಗೆರೆ, ಚಿತ್ರದುರ್ಗ ಈ ಎರಡೂ ಜಿಲ್ಲೆಗಳಲ್ಲಿ ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ನಂತರ ಇಂಗ್ಲಿಷಿನಲ್ಲಿ ವಿಜ್ಞಾನ ಕಲಿತವರು ಬಹಳ ಮಂದಿ. ಅವರಲ್ಲಿ ಹಲವರ ಸಭಾಕಂಪನದಲ್ಲಿ ಅರ್ಧದಷ್ಟು ಇಂಗ್ಲಿಷಿನ ಕಂಪನವೇ ಆಗಿರುತ್ತದೆ. ಕನ್ನಡದಲ್ಲಿ ವಿವರಿಸಬಹುದೇ ಎಂದು ಗೈಡ್‌ನ ಮೂಲಕ ಮುಂಚಿತವಾಗಿ ಕೇಳಿನೋಡಿ. ಸ್ಲೈಡು ಇಂಗ್ಲಿಷಿನಲ್ಲಿದ್ದು ವಿವರಣೆ ಕನ್ನಡದಲ್ಲಿದ್ದರೆ ಬೇಡವೆನ್ನುವವರು ನಾನು ಕಂಡಂತೆ ಕಡಿಮೆ. ಇಂಗ್ಲಿಷಿನಲ್ಲೇ ಹೇಳಬೇಕೆಂದಾದರೆ ಸಣ್ಣ ವಾಕ್ಯಗಳನ್ನು ಕಟ್ಟಿಕೊಳ್ಳಿ, ಮತ್ತು ನಾಲಿಗೆ ತಿರುಗದ ಏಳೆಂಟು ಪಾರಿಭಾಷಿಕ ಪದಗಳನ್ನು ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಳ್ಳಿ.

ಆ ದಿನದ ಸಿದ್ಧತೆ ಸರಳ. ಸ್ಲೈಡುಗಳ ಪಿಡಿಎಫ್ ಪ್ರತಿಯೊಂದು ಪೆನ್‌ಡ್ರೈವಿನಲ್ಲಿ, ಮುಖ್ಯ ಗ್ರಾಫ್‌ನ ಮುದ್ರಿತ ಪ್ರತಿಗಳು ಕೈಯಲ್ಲಿ, ಕುಡಿಯಲು ಒಂದು ಬಾಟಲಿ ನೀರು (ಮಾದರಿಯ ಬಾಟಲಿಯಿಂದ ದೂರದಲ್ಲಿ). ಸ್ಪರ್ಧೆಗೆಂದು ದಾವಣಗೆರೆಗೆ ಹೋಗುವವರು ಬೆಣ್ಣೆ ದೋಸೆಯನ್ನು ಮಂಡನೆ ಮುಗಿಯುವವರೆಗೆ ಮುಂದೂಡಿದರೆ ಹೊಟ್ಟೆಗೆ ಕ್ಷೇಮ. ನನ್ನ ಮೊದಲ ಮಂಡನೆಯಲ್ಲಿ ಎರಡನೆಯ ಸ್ಲೈಡಿಗೇ ಕರೆಂಟು ಹೋಗಿತ್ತು. ಬೆವೆತು ನಿಂತಿದ್ದ ನನಗೆ ಹೊರಗಿನಿಂದ ಬಂದ ಪರೀಕ್ಷಕರು, “ಅದು ಬರೋವರೆಗೆ ನೀನೇನು ಮಾಡಿದೆ ಅಂತ ಬೋರ್ಡಿನ ಮೇಲೆ ತೋರಿಸಪ್ಪ” ಎಂದರು. ಸೀಮೆಸುಣ್ಣ ಹಿಡಿದು ಉಪಕರಣದ ಚಿತ್ರ ಬರೆಯತೊಡಗಿದ ಮೇಲೆ ಮಾತು ಹೇಗೋ ಹರಿಯಿತು. ವಿದ್ಯಾರ್ಥಿಗಳ ಕೈಗೆ ಏನಾದರೂ ಕೊಟ್ಟು ನಿಲ್ಲಿಸುವ ನನ್ನ ರೂಢಿ ಆ ಮಧ್ಯಾಹ್ನದ್ದು.

ಇನ್ನು ಪ್ರಶ್ನೋತ್ತರ. ಇಲ್ಲಿ ಹೆದರುವವರು ಗಮನಿಸಬೇಕಾದ ಸಂಗತಿಯೆಂದರೆ, ಪರೀಕ್ಷಕರ ಬಹುಪಾಲು ಪ್ರಶ್ನೆಗಳನ್ನು ಮುಂಚಿತವಾಗಿ ಊಹಿಸಬಹುದು. ಅವು ನಿಮ್ಮ ವಿಧಾನದ ದುರ್ಬಲ ಸ್ಥಳಗಳಲ್ಲೇ ಇರುತ್ತವೆ. ಪಟಿಕ ಮತ್ತು ಸುಣ್ಣ ಬಳಸಿ ಫ್ಲೋರೈಡ್ ಇಳಿಸುವ ನಲ್ಗೊಂಡ ವಿಧಾನವನ್ನು ನೀವು ಮಾಡಿದ್ದೀರಿ, ಬಣ್ಣದ ಪರೀಕ್ಷೆಯಲ್ಲಿ ಫ್ಲೋರೈಡ್ ತಗ್ಗಿದೆ ಎಂದಿಟ್ಟುಕೊಳ್ಳಿ. “ಪಟಿಕದಿಂದ ಬಂದ ಅಲ್ಯೂಮಿನಿಯಂ ನೀರಿನಲ್ಲಿ ಉಳಿದು ಫ್ಲೋರೈಡನ್ನು ಕಟ್ಟಿಹಾಕಿದ್ದರೆ ನಿಮ್ಮ ಬಣ್ಣಕ್ಕೆ ಅದು ಕಾಣುವುದೇ ಇಲ್ಲವಲ್ಲ?” ಎಂದು ತಿಳಿದವರು ಕೇಳಿಯೇ ಕೇಳುತ್ತಾರೆ, ಮತ್ತು ಆ ಸಂದೇಹ ನ್ಯಾಯವಾದದ್ದು. ಆಗ ಎರಡು ಉಸಿರಿನಷ್ಟು ಸುಮ್ಮನಿದ್ದು, ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ಒಮ್ಮೆ ಮರಳಿ ಹೇಳಿ. ಯೋಚಿಸಲು ಅಷ್ಟು ಸಮಯ ಸಿಗುತ್ತದೆ. ಬಳಿಕ, “ಹೌದು ಸರ್, ಉಳಿದ ಅಲ್ಯೂಮಿನಿಯಂ ಅನ್ನು ನಾನು ಅಳೆದಿಲ್ಲ. ಅದರ ಕಟ್ಟು ಬಿಡಿಸುವ ಬಫರ್ ಹಾಕಿ ಫ್ಲೋರೈಡ್ ಎಲೆಕ್ಟ್ರೋಡ್‌ನಲ್ಲಿ ಅಳೆದರೆ ನಿಜಸ್ಥಿತಿ ತಿಳಿಯುತ್ತದೆ” ಎಂದು ಹೇಳಿ ನಿಲ್ಲಿಸಿ. ಅಳೆಯದ್ದನ್ನು ಅಳೆದಿಲ್ಲವೆಂದವರಿಗೆ ನಾನಂತೂ ಅಂಕ ಕಡಿಮೆ ಮಾಡಿದ್ದಿಲ್ಲ. ಅಳೆದಂತೆ ತೋರಿಸಿಕೊಳ್ಳಲು ಹೋದವರಿಗೆ ಮಾಡಿದ್ದೇನೆ. ಹೊರಗೆ ಬಂದ ಕೂಡಲೇ ವರಾಂಡದಲ್ಲೇ ನಿಂತು, ಕೇಳಿದ ಪ್ರಶ್ನೆಗಳನ್ನೆಲ್ಲ ಅದೇ ಕಾರ್ಡಿನ ಹಿಂಬದಿಯಲ್ಲಿ ಗುರುತು ಹಾಕಿಕೊಳ್ಳಿ. ವರದಿ ಬೈಂಡಿಂಗಿಗೆ ಹೋಗುವ ಮುನ್ನ ತಿದ್ದಬೇಕಾದ ಪುಟಗಳು ಯಾವುವೆಂದು ಅದರಲ್ಲೇ ಗೊತ್ತಾಗುತ್ತದೆ.