ಸೊನ್ನೆ ನಿಮಿಷದ ಕಪ್ಪು ಗೆರೆ

ಪ್ರಚೋದನೆ ಕೊಟ್ಟು ಎಷ್ಟು ನಿಮಿಷವಾಯಿತು ಎಂಬ ಲೆಕ್ಕದಲ್ಲಿ, ಮೂರು ವಾರ ನನಗೆ ಕೈಕೊಟ್ಟದ್ದು ಸೊನ್ನೆ ನಿಮಿಷದ ಮಾದರಿ. ಏನೂ ಪ್ರಚೋದನೆ ಕೊಡದ ಹೀಲಾ ಕೋಶಗಳಲ್ಲಿ (ಲ್ಯಾಬಿನಲ್ಲಿ ಬೆಳೆಸುವ ಮಾನವ ಕೋಶಗಳು) ಇಆರ್‌ಕೆ ಎಂಬ ಪ್ರೋಟೀನ್ ತಣ್ಣಗಿರಬೇಕು. ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ತೆಳು ಪೊರೆಯ ಮೇಲೆ ಗೆರೆಗಳಾಗಿ ತೋರಿಸುವ ನನ್ನ ವೆಸ್ಟರ್ನ್ ಬ್ಲಾಟ್‌ನಲ್ಲಿ ಮಾತ್ರ ಪ್ರತಿ ಸಲವೂ ಅಲ್ಲೊಂದು ದಪ್ಪ ಕಪ್ಪು ಗೆರೆ.

ಇಆರ್‌ಕೆ ಒಂದು ಕೈನೇಸ್. ಕೋಶದ ಶಕ್ತಿಯ ಅಣುವಾದ ಎಟಿಪಿಯ ಫಾಸ್ಫೇಟನ್ನು ಬೇರೆ ಪ್ರೋಟೀನುಗಳಿಗೆ ಅಂಟಿಸುವ ಕಿಣ್ವ. ಇಜಿಎಫ್ ಎಂಬ ಬೆಳವಣಿಗೆಯ ಅಂಶ ಕೋಶದ ಹೊರಮೈಯ ಗ್ರಾಹಕಕ್ಕೆ ತಾಗಿದರೆ ಸುದ್ದಿ ರಾಸ್, ರಾಫ್, ಮೆಕ್ ಎಂಬ ಪ್ರೋಟೀನುಗಳ ಕೈಯಿಂದ ಕೈಗೆ ದಾಟಿ ಇದಕ್ಕೆ ಮುಟ್ಟುತ್ತದೆ. ಮೆಕ್ ಇದರ ಒಂದು ಥ್ರಿಯೊನೀನ್ ಮತ್ತು ಒಂದು ಟೈರೋಸೀನ್ ಎಂಬ ಅಮೈನೋ ಆಮ್ಲಗಳೆರಡಕ್ಕೂ ಫಾಸ್ಫೇಟ್ ಹಚ್ಚಿದರೆ ಮಾತ್ರ ಪೂರ್ತಿ ಚುರುಕು. ನಾನು ಬಳಸುವ ಪ್ರತಿಕಾಯ ಹಿಡಿಯುವುದು ಆ ರೂಪವನ್ನೇ: 44 ಮತ್ತು 42 ಕಿಲೋಡಾಲ್ಟನ್‌ಗಳಲ್ಲಿ ಜೋಡಿ ಗೆರೆ.

ಮೊದಲು ಪ್ರತಿಕಾಯವನ್ನೇ ಬೈದೆ, ಹೊಸದು ತರಿಸಿದೆ. ದುಡ್ಡು ದಂಡ. ಮೆಕ್ ತಡೆಯುವ ಯು0126 ಎಂಬ ರಾಸಾಯನಿಕ ಹಾಕಿದಾಗ ಗೆರೆ ಮಾಯವಾಯಿತು. ಅಂದರೆ ಸಂಕೇತ ನಿಜವಾದದ್ದೇ. ಹಾಗಾದರೆ ಕೋಶಗಳನ್ನು ಎಬ್ಬಿಸಿದವರು ಯಾರು? ನಾನೇ. ರಾತ್ರಿಯಿಡೀ ಸೀರಮ್ ಇಲ್ಲದೆ ಉಪವಾಸ ಕೆಡವಿ, ಬೆಳಿಗ್ಗೆ ಪ್ರಯೋಗಕ್ಕೆ ಸ್ವಲ್ಪ ಮುಂಚೆ ಶುಚಿಯಾಗಿರಲಿ ಎಂದು ಮಾಧ್ಯಮ, ಅಂದರೆ ಕೋಶಗಳು ಬೆಳೆಯುವ ದ್ರವ, ಬದಲಿಸುತ್ತಿದ್ದೆ. ಆ ಅಲುಗಾಟವೇ ಅವಕ್ಕೆ ಸಾಕಾಗಿತ್ತು.

ಈಗ ಮಾಧ್ಯಮ ಮುಟ್ಟುವುದಿಲ್ಲ. ಗಾಢ ಇಜಿಎಫ್‌ನ ಕೆಲವೇ ಹನಿಗಳನ್ನು ತಟ್ಟೆಯ ಅಂಚಿನಲ್ಲಿ ಬಿಟ್ಟು ಮೆಲ್ಲಗೆ ಓಲಾಡಿಸುತ್ತೇನೆ. ಸೊನ್ನೆಯ ತಟ್ಟೆಗೂ ಅಷ್ಟೇ ಹನಿ, ಬರೀ ಮಾಧ್ಯಮದ್ದು.

ಕೋಶ ಒಡೆಯುವಾಗ ತೊಂದರೆ ತಿರುಗುಮುರುಗು. ಫಾಸ್ಫಟೇಸ್‌ಗಳು ಹಚ್ಚಿದ ಫಾಸ್ಫೇಟನ್ನೆಲ್ಲ ಕಿತ್ತುಬಿಡುತ್ತವೆ. ತಟ್ಟೆ ನೇರ ಮಂಜುಗಡ್ಡೆಯ ಮೇಲೆ. ಕೋಶ ಒಡೆಯುವ ಬಫರಿನಲ್ಲಿ ಫಾಸ್ಫಟೇಸ್‌ಗಳನ್ನು ತಡೆಯಲು ಸೋಡಿಯಂ ಫ್ಲೋರೈಡ್ ಮತ್ತು ಆರ್ಥೊವನಡೇಟ್. ಈ ಎರಡನೆಯದನ್ನು ಪಿಎಚ್ 10ಕ್ಕೆ ತಂದು, ಹಳದಿ ಬಣ್ಣ ಪೂರ್ತಿ ಹೋಗುವವರೆಗೆ ಕುದಿಸಿ, ಆರಿಸಿ, ಮತ್ತೆ ಪಿಎಚ್ ನೋಡಬೇಕು. ಒಮ್ಮೆ ಸೋಮಾರಿತನದಿಂದ ಹಳದಿಯನ್ನೇ ಸುರಿದೆ. ಐದು ನಿಮಿಷದ ಗೆರೆ ಪೇಲವವಾಯಿತು. ಬ್ಲಾಟ್‌ನ ಪೊರೆಯ ಖಾಲಿ ಜಾಗ ಮುಚ್ಚಲು ಹಾಲಿನ ಪುಡಿ ಬಳಸುವುದನ್ನೂ ಬಿಟ್ಟೆ. ಹಾಲಿನ ಕೇಸೀನೇ ಫಾಸ್ಫೇಟ್ ಹೊತ್ತ ಪ್ರೋಟೀನ್, ಹಿನ್ನೆಲೆ ಮಸಿಯಾಗಬಹುದು. ಬದಲಿಗೆ ದನದ ಸೀರಮ್ ಆಲ್ಬುಮಿನ್.

ಈಗ ಸೊನ್ನೆಯಲ್ಲಿ ಹೆಚ್ಚುಕಡಿಮೆ ಖಾಲಿ, ಐದರಲ್ಲಿ ಕಪ್ಪು, ಮೂವತ್ತರಲ್ಲಿ ಇಳಿಮುಖ. ಫಾಸ್ಫೇಟ್ ಇರಲಿ ಬಿಡಲಿ, ಒಟ್ಟು ಇಆರ್‌ಕೆಯ ಗೆರೆ ಎಲ್ಲದರಲ್ಲೂ ಒಂದೇ ಸಮ. ಎಲ್ಲ ತಟ್ಟೆಗಳೂ ಒಂದೇ ಹೊತ್ತಿಗೆ ಮಂಜಿಗೆ ಬರಲೆಂದು ಇಜಿಎಫ್ ಹಾಕುವುದನ್ನು ಮೂವತ್ತರ ತಟ್ಟೆಯಿಂದಲೇ ಆರಂಭಿಸುತ್ತೇನೆ.