ಪಾಸ್‌ವರ್ಡ್ ಸರಿ, ಆದರೂ ಒಳಗೆ ಬಿಡಲ್ಲ

ತುಮಕೂರಿನ ಬಿ.ಎಚ್. ರಸ್ತೆ ಹತ್ತಿರ ನನ್ನ ಚಿಕ್ಕಮ್ಮನ ಮಗನ ಜೆರಾಕ್ಸ್ ಅಂಗಡಿ ಇದೆ. ಅಲ್ಲಿನ ಹಳೇ ಕಂಪ್ಯೂಟರ್‌ಗೆ ಲಿನಕ್ಸ್ ಮಿಂಟ್ 19 (ವಿಂಡೋಸ್ ತರಹದ ಆಪರೇಟಿಂಗ್ ಸಿಸ್ಟಮ್) ಹಾಕಿಕೊಟ್ಟವನು ನಾನೇ, ಹಾಗಾಗಿ ಕೆಟ್ಟಾಗ ಫೋನ್ ಬರುವುದೂ ನನಗೇ. ಶಿವರಾತ್ರಿ ಸಮಯ, ಸಿದ್ಧಗಂಗೆ ಜಾತ್ರೆ ಬೇರೆ, ಅಂಗಡಿ ತುಂಬ ಜನ. ಅಪ್‌ಡೇಟ್ ನಡೆಯುತ್ತಿದ್ದಾಗ ಕರೆಂಟ್ ಹೋಗಿದೆ. ಯುಪಿಎಸ್ ಬ್ಯಾಟರಿ ಸತ್ತು ಎಷ್ಟು ದಿನ ಆಗಿತ್ತೋ.

"ಅಣ್ಣಾ, ಬರೀ ಕಪ್ಪು, ಏನೇನೋ ಅಕ್ಷರ ಬರ್ತಿದೆ" ಅಂದ. ಹೋಗಿ ನೋಡಿದರೆ ಇನಿಟ್‌ರಾಮ್‌ಎಫ್‌ಎಸ್ (ಬೂಟ್‌ನ ಮೊದಲ ಹಂತದ ಪುಟ್ಟ ವ್ಯವಸ್ಥೆ) ಎಂದು ತೋರಿಸಿಕೊಂಡು ನಿಂತಿದೆ. ಇದಕ್ಕೆ ಹೆದರಬೇಕಿಲ್ಲ. ಡಿಸ್ಕ್‌ನಲ್ಲಿ ತಪ್ಪು ಸಿಕ್ಕಿದೆ, ನೀನೇ ಬಂದು ಸರಿ ಮಾಡು ಅಂತ ಸಾಮಾನ್ಯವಾಗಿ ಅರ್ಥ. ಯಾವ ಪಾರ್ಟಿಷನ್ (ಡಿಸ್ಕ್‌ನ ಭಾಗ) ಅಂತ ಮೇಲಿನ ಸಾಲುಗಳಲ್ಲೇ ಇರುತ್ತದೆ. ಡಿಸ್ಕ್ ಪರೀಕ್ಷಿಸಿ ಸರಿ ಮಾಡುವ ಎಫ್‌ಎಸ್‌ಸಿಕೆ ಕಮಾಂಡ್‌ಗೆ ಆ ಹೆಸರು ಕೊಟ್ಟು, ಹೈಫನ್ ವೈ ಸೇರಿಸಿ ಹೊಡೆದೆ (ವೈ ಹಾಕದಿದ್ದರೆ ಒಂದೊಂದು ತಪ್ಪಿಗೂ ಕೇಳುತ್ತಾ ಕೂರುತ್ತದೆ). ಎಕ್ಸಿಟ್ ಕೊಟ್ಟೆ, ಬೂಟ್ ಮುಂದುವರಿಯಿತು. ಆದರೆ ಕೊನೆಗೆ ಮಿನುಗುವ ಕರ್ಸರ್ ಬಿಟ್ಟರೆ ಏನೂ ಇಲ್ಲ.

ಕಂಟ್ರೋಲ್, ಆಲ್ಟ್, ಎಫ್2 ಒಟ್ಟಿಗೆ ಒತ್ತಿ ಟರ್ಮಿನಲ್‌ಗೆ (ಕಮಾಂಡ್ ಟೈಪ್ ಮಾಡುವ ಪರದೆಗೆ) ಹೋದೆ. ಡಿಪಿಕೆಜಿ ಕಾನ್ಫಿಗರ್ ಓಡಿಸಿದ ಮೇಲೆ ಅರ್ಧಕ್ಕೆ ನಿಂತಿದ್ದ ಪ್ಯಾಕೇಜ್‌ಗಳು ಪೂರ್ತಿ ಆದವು. ಇಲ್ಲಿ ರೀಬೂಟ್ ಮಾಡಿದ್ದರೆ ಊಟದ ಹೊತ್ತಿಗೆ ಮನೆಯಲ್ಲಿರುತ್ತಿದ್ದೆ. ನಾನು ಡೆಸ್ಕ್‌ಟಾಪ್ ಬರುತ್ತಾ ನೋಡೋಣ ಅಂತ ಸುಮ್ನೆ ಸುಡೋ ಸ್ಟಾರ್ಟ್‌ಎಕ್ಸ್ ಹೊಡೆದೆ (ಸ್ಟಾರ್ಟ್‌ಎಕ್ಸ್ ಡೆಸ್ಕ್‌ಟಾಪ್ ಶುರು ಮಾಡುತ್ತದೆ, ಸುಡೋ ಅದನ್ನು ರೂಟ್ ಎಂಬ ಯಜಮಾನ ಖಾತೆಯ ಅಧಿಕಾರದಲ್ಲಿ ಓಡಿಸುತ್ತದೆ). ಬಂತು. ಖುಷಿಯಲ್ಲಿ ರೀಬೂಟ್ ಮಾಡಿದೆ.

ಈಗ ಲಾಗಿನ್ ಪರದೆ ಬರುತ್ತದೆ, ಪಾಸ್‌ವರ್ಡ್ ಹಾಕಿದರೆ ಒಂದು ಕ್ಷಣ ಕಪ್ಪಾಗಿ ಮತ್ತೆ ಅದೇ ಲಾಗಿನ್. ಪಾಸ್‌ವರ್ಡ್ ತಪ್ಪು ಅಂತಲೂ ಹೇಳಲ್ಲ. ನನ್ನ ಅನುಮಾನ ನೇರ ಡಿಸ್ಪ್ಲೇ ಡ್ರೈವರ್ ಮೇಲೆ ಹೋಯಿತು. ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ಇ ಒತ್ತಿ, ಲಿನಕ್ಸ್ ಅಂತ ಶುರುವಾಗುವ ಸಾಲಿನ ಕೊನೆಗೆ ನೋಮೋಡ್‌ಸೆಟ್ (ಡ್ರೈವರ್ ಬಿಟ್ಟು ಸರಳ ಡಿಸ್ಪ್ಲೇ ಬಳಸು ಎಂಬ ಸೂಚನೆ) ಸೇರಿಸಿ, ಎಫ್10 ಒತ್ತಿ ನೋಡಿದೆ. ಅಕ್ಷರ ದಪ್ಪ ಆಯಿತು, ಅಷ್ಟೇ. ಡ್ರೈವರ್ ಕಿತ್ತೆ, ಮತ್ತೆ ಹಾಕಿದೆ. ಮಧ್ಯೆ ಮಧ್ಯೆ ಆಧಾರ್ ಜೆರಾಕ್ಸ್‌ಗೆ ಬಂದವರು "ಇನ್ನೂ ಆಗ್ಲಿಲ್ವಾ" ಅಂತ ಇಣುಕಿ ನೋಡುತ್ತಿದ್ದರು. ಎರಡು ಗಂಟೆ ಹೋಯಿತು.

ಲಾಗಿನ್ ಪರದೆಯೇ ಅಷ್ಟು ಚೆನ್ನಾಗಿ ಕಾಣುತ್ತಿದೆ ಅಂದಮೇಲೆ ಡ್ರೈವರ್ ಕೆಲಸ ಮಾಡುತ್ತಿದೆ ಅಂತ ತಾನೇ? ಅದು ಹೊಳೆದದ್ದೇ ತಡವಾಗಿ. ಮತ್ತೆ ಟರ್ಮಿನಲ್‌ಗೆ ಹೋಗಿ ಪರದೆಯ ಚಿತ್ರ ಮೂಡಿಸುವ ಎಕ್ಸಾರ್ಗ್ ಪ್ರೋಗ್ರಾಂನ ಲಾಗ್‌ನಲ್ಲಿ ಡಬಲ್ ಇ ಇರುವ ಸಾಲು ಹುಡುಕಿದೆ, ಎರರ್ ಇದ್ದರೆ ಹಾಗೆ ಗುರುತು ಹಾಕಿರುತ್ತದೆ. ಒಂದೂ ಇಲ್ಲ. ಡಿಸ್ಕ್ ತುಂಬಿದರೂ ಹೀಗೇ ಆಗುತ್ತದೆ, ಆದರೆ ಜಾಗ ಬೇಕಾದಷ್ಟಿತ್ತು. ಕೊನೆಗೆ ಹೋಮ್ ಫೋಲ್ಡರ್‌ನ ಅಡಗಿದ ಫೈಲ್‌ಗಳ ಪಟ್ಟಿ ತೆಗೆದೆ. ಡೆಸ್ಕ್‌ಟಾಪ್ ತೆರೆಯುವ ಅನುಮತಿ ಇಟ್ಟುಕೊಳ್ಳುವ, ಚುಕ್ಕಿಯಿಂದ ಶುರುವಾಗುವ ಎಕ್ಸ್‌ಅಥಾರಿಟಿ ಫೈಲ್‌ನ ಒಡೆಯ ರೂಟ್!

ನನ್ನ ಸುಡೋ ಸ್ಟಾರ್ಟ್‌ಎಕ್ಸ್ ಮಾಡಿದ ಕೆಲಸ ಅದು. ಮಿಂಟ್ 19 ನಿಂತಿರುವುದು ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ 18.04 ಆವೃತ್ತಿಯ ಮೇಲೆ. ಅದರಲ್ಲಿ ಸುಡೋ ಹಾಕಿದರೂ ಹೋಮ್ ಫೋಲ್ಡರ್ ನಮ್ಮದೇ ಉಳಿಯುತ್ತದೆ, ಹಾಗಾಗಿ ರೂಟ್ ಬಂದು ನಮ್ಮ ಫೋಲ್ಡರ್‌ನಲ್ಲೇ ಫೈಲ್ ಬರೆದು ಹೋಗಿದೆ. ಉಬುಂಟು 19.10ರಿಂದ ಇದು ಬದಲಾಗಿದೆ. ಲಾಗಿನ್ ಆದಾಗ ಆ ಫೈಲ್ ಮುಟ್ಟಲು ನಮಗೇ ಅನುಮತಿ ಇಲ್ಲ, ಅದಕ್ಕೇ ಹೊರಗೆ ದಬ್ಬುತ್ತಿತ್ತು.

ಚೌನ್ ಕಮಾಂಡ್‌ನಲ್ಲಿ ಒಡೆತನ ತಮ್ಮನ ಹೆಸರಿಗೆ ಮಾಡಿದೆ, ಒಳಗೆ ಬಿಟ್ಟಿತು. ಆ ಫೈಲ್ ಅಳಿಸಿದರೂ ನಡೆಯುತ್ತದೆ, ಮುಂದಿನ ಲಾಗಿನ್‌ಗೆ ಹೊಸದು ಹುಟ್ಟುತ್ತದೆ. ಪಕ್ಕದಲ್ಲೇ ಐಸಿಇ ಅಥಾರಿಟಿ ಅಂತ ಇನ್ನೊಂದಿರುತ್ತದೆ, ಅದರ ಒಡೆಯ ಯಾರು ಅಂತಲೂ ಒಮ್ಮೆ ನೋಡಿಬಿಡಿ.