ಕೋಳಿ ಅಡುಗೆಯ ರುಚಿ: ಮಸಾಲೆಗಿಂತ ಮೊದಲು ಗಮನಿಸಬೇಕಾದದ್ದು

ಮನೆಯಲ್ಲಿ ಮಾಡಿದ ಕೋಳಿ ಅಡುಗೆ ಸಪ್ಪೆಯೆನಿಸಿದರೆ ಮುಂದಿನ ಸಲ ಅದಕ್ಕೆ ಇನ್ನೊಂದು ಚಮಚ ಮಸಾಲೆ ಬೀಳುವುದು ವಾಡಿಕೆ. ಆದರೆ ಉಪ್ಪು ಒಳಗಿಳಿಯುವಷ್ಟು ಹೊತ್ತು ಸಿಗದಿರುವುದು, ಮಾಂಸ ಸರಿಯಾಗಿ ಹುರಿಯದಿರುವುದು ಅಥವಾ ಬೇಕಾದದ್ದಕ್ಕಿಂತ ಹೆಚ್ಚು ಬೆಂದಿರುವುದು, ಈ ಮೂರರಲ್ಲಿ ಒಂದು ತಪ್ಪಿದ್ದರೆ ಎಷ್ಟು ಮಸಾಲೆ ಸುರಿದರೂ ರುಚಿ ಮೇಲ್ಮೇಲೆಯೇ ಉಳಿಯುತ್ತದೆ.

ಮೊದಲು ಭಾಗದ ಆಯ್ಕೆ. ತೊಡೆ ಮತ್ತು ಕಾಲಿನ ಮಾಂಸದಲ್ಲಿ ಕೊಬ್ಬೂ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನೂ ಹೆಚ್ಚಿರುವುದರಿಂದ ಅದು ನಿಧಾನವಾಗಿ ಬೆಂದಷ್ಟೂ ಮೃದುವಾಗುತ್ತದೆ. ಎದೆಭಾಗದಲ್ಲಿ ಇವೆರಡೂ ಕಡಿಮೆ, ಹಾಗಾಗಿ ಅದನ್ನು ಬೇಗ ಬೇಯಿಸಿ ಬೇಗ ಇಳಿಸಬೇಕು. ಗ್ರೇವಿಗೆ ತೊಡೆಯನ್ನೇ ಆರಿಸಿಕೊಳ್ಳುವುದು ಜಾಣತನ. ಎರಡನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಲೇಬೇಕಿದ್ದರೆ ತೊಡೆಯ ತುಂಡುಗಳನ್ನು ಮೊದಲು ಹಾಕಿ, ಎದೆಯ ತುಂಡುಗಳನ್ನು ಕೊನೆಯಲ್ಲಿ ಸೇರಿಸಬೇಕು.

ಉಪ್ಪಿನ ಅಳತೆ ಸರಳವಾಗಿದೆ: ಒಂದು ಕಿಲೋ ಮಾಂಸಕ್ಕೆ ಸುಮಾರು 10 ಗ್ರಾಂ, ಅಂದರೆ ಎರಡು ಟೀ ಚಮಚಕ್ಕಿಂತ ತುಸು ಕಡಿಮೆ ಪುಡಿ ಉಪ್ಪು. ಇದನ್ನು ತುಂಡುಗಳಿಗೆ ಎಲ್ಲೆಡೆ ಸವರಿ, ಸಾಧ್ಯವಾದರೆ ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿಡಬೇಕು. ಉಪ್ಪು ಮೊದಲು ಮಾಂಸದೊಳಗಿನ ನೀರನ್ನು ಹೊರಗೆಳೆಯುವುದರಿಂದ ಮೇಲ್ಮೈ ಒದ್ದೆಯಾಗಿ ಹೊಳೆಯುತ್ತದೆ. ಸ್ವಲ್ಪ ಹೊತ್ತಿನ ನಂತರ ಆ ಉಪ್ಪುನೀರೇ ಮರಳಿ ಒಳಗೆ ಹೀರಲ್ಪಟ್ಟು, ಪ್ರೋಟೀನನ್ನು ಸಡಿಲಗೊಳಿಸಿ, ಬೇಯುವಾಗ ರಸ ಸೋರಿಹೋಗದಂತೆ ತಡೆಯುತ್ತದೆ. ರಾತ್ರಿಯಿಡೀ ಇಡಲು ಆಗದಿದ್ದರೆ ಒಂದು ಗಂಟೆಯಾದರೂ ಬಿಡಿ. ಅಷ್ಟೂ ಪುರುಸೊತ್ತಿಲ್ಲವೆಂದಾದರೆ ಒಲೆಗೆ ಹಾಕುವ ಕ್ಷಣದಲ್ಲೇ ಉಪ್ಪು ಸವರುವುದು ಮೇಲು, ಏಕೆಂದರೆ ಹತ್ತು ಹದಿನೈದು ನಿಮಿಷಕ್ಕೆ ತೆಗೆದರೆ ಹೊರಬಂದ ನೀರು ಮೇಲೆಯೇ ನಿಂತಿರುತ್ತದೆ.

ಮಸಾಲೆಯಲ್ಲಿ ನೆನೆಸಿಡುವುದರ ಬಗ್ಗೆ ನಿರೀಕ್ಷೆ ಮಿತವಾಗಿರಲಿ. ಉಪ್ಪು ಆಳಕ್ಕೆ ಇಳಿಯುತ್ತದೆ. ಬೆಳ್ಳುಳ್ಳಿ, ಮೆಣಸು, ಸೊಪ್ಪುಗಳ ಪರಿಮಳ ಬಹುತೇಕ ಮೇಲ್ಪದರದಲ್ಲೇ ನಿಲ್ಲುತ್ತದೆ. ನಿಂಬೆರಸದಲ್ಲಿ ಬಹಳ ಹೊತ್ತು ಇಟ್ಟರೆ ಹೊರಭಾಗ ಬಿಳಿಚಿಕೊಂಡು ಹಿಟ್ಟುಹಿಟ್ಟಾಗುವುದರಿಂದ ಅರ್ಧ ಗಂಟೆಯಿಂದ ಒಂದು ಗಂಟೆ ಸಾಕು. ಮೊಸರಿನ ಹುಳಿ ಸೌಮ್ಯವಾದದ್ದು, ರಾತ್ರಿಯಿಡೀ ಇಟ್ಟರೂ ತೊಂದರೆಯಿಲ್ಲ.

ಇನ್ನು ಹುರಿಯುವುದು, ನಿಜವಾದ ರುಚಿ ಹುಟ್ಟುವುದು ಇಲ್ಲಿಯೇ. ಮಾಂಸದ ಪ್ರೋಟೀನು ಮತ್ತು ಸಕ್ಕರೆಯ ಅಂಶಗಳು ಸುಮಾರು 140 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಚುರುಕಾಗಿ ಕೂಡಿಕೊಂಡು ಕಂದು ಬಣ್ಣವನ್ನೂ ಹುರಿದ ಪರಿಮಳವನ್ನೂ ಕೊಡುತ್ತವೆ. ಆದರೆ ನೀರು ಕುದಿಯುವುದು 100 ಡಿಗ್ರಿಯಲ್ಲಿ; ತುಂಡಿನ ಮೇಲೆ ನೀರಿರುವ ತನಕ ಅಲ್ಲಿನ ಶಾಖ ಅದಕ್ಕಿಂತ ಹೆಚ್ಚು ಏರುವುದಿಲ್ಲ. ಆದ್ದರಿಂದ ತುಂಡುಗಳನ್ನು ಪೇಪರ್ ಟವೆಲ್‌ನಿಂದ ಒತ್ತಿ ಒಣಗಿಸಿ, ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಚೆನ್ನಾಗಿ ಕಾದ ಮೇಲೆ, ಒಂದಕ್ಕೊಂದು ತಾಗದಂತೆ ಹಾಕಬೇಕು. ಹಾಕಿದೊಡನೆ ಚುರ್ರೆನ್ನಬೇಕು. ಸದ್ದು ಕುಗ್ಗಿ ನೀರು ಗುಳುಗುಳು ಎನ್ನತೊಡಗಿದರೆ ಬಾಣಲೆ ತುಂಬಿಹೋಗಿದೆ ಎಂದರ್ಥ. ಅರ್ಧದಷ್ಟನ್ನು ತೆಗೆದು ಎರಡನೇ ಕಂತಿನಲ್ಲಿ ಹುರಿಯಿರಿ. ಕೈಯಾಡಿಸುವ ಆತುರವೂ ಬೇಡ. ಬಣ್ಣ ಬಂದ ತುಂಡು ತಾನಾಗಿಯೇ ತಳ ಬಿಡುತ್ತದೆ, ಎಳೆದರೂ ಬಾರದಿದ್ದರೆ ಇನ್ನೂ ಒಂದೆರಡು ನಿಮಿಷ ಬೇಕು.

ಹುರಿದ ತುಂಡುಗಳನ್ನು ತೆಗೆದಿಟ್ಟ ಮೇಲೆ ತಳದಲ್ಲಿ ಅಂಟಿರುವ ಕಂದು ಚೂರುಗಳನ್ನು ತೊಳೆದುಹಾಕುವವರಿದ್ದಾರೆ. ಇದಕ್ಕಿಂತ ದೊಡ್ಡ ನಷ್ಟ ಈ ಅಡುಗೆಯಲ್ಲಿ ಬೇರೊಂದಿಲ್ಲ. ಅದೇ ಬಾಣಲೆಯಲ್ಲಿ ಈರುಳ್ಳಿ ಬಾಡಿಸಿ, ಬೆಳ್ಳುಳ್ಳಿಯ ಹಸಿವಾಸನೆ ಹೋದ ಮೇಲೆ ಉರಿ ತಗ್ಗಿಸಿ ಮಸಾಲೆ ಪುಡಿ ಹಾಕಿ, ಅರ್ಧ ನಿಮಿಷದೊಳಗೆ ನೀರನ್ನೋ ಟೊಮೇಟೊವನ್ನೋ ಸೇರಿಸಿ, ಮರದ ಸೌಟಿನಿಂದ ತಳವನ್ನು ಕೆರೆಯಬೇಕು. ಮಸಾಲೆಯ ಪರಿಮಳದ ಬಹುಭಾಗ ಎಣ್ಣೆಯಲ್ಲಿ ಕರಗುವಂಥದ್ದಾದ್ದರಿಂದ ಪುಡಿಯನ್ನು ಕುದಿಯುವ ನೀರಿಗೆ ನೇರವಾಗಿ ಹಾಕಿದರೆ ಅಷ್ಟು ಘಮ ಬರುವುದಿಲ್ಲ. ಸೀದರೆ ಮಾತ್ರ ಕಹಿ ಗ್ಯಾರಂಟಿ.

ಬೆಂದಿದೆಯೋ ಇಲ್ಲವೋ ಎಂಬುದನ್ನು ಬಣ್ಣ ನೋಡಿ ನಿರ್ಧರಿಸಬೇಡಿ. ಅಡುಗೆ ಥರ್ಮಾಮೀಟರನ್ನು ಮೂಳೆಗೆ ತಾಗದಂತೆ ಅತಿ ದಪ್ಪನೆಯ ಭಾಗಕ್ಕೆ ಚುಚ್ಚಿದಾಗ 74 ಡಿಗ್ರಿ ಸೆಲ್ಸಿಯಸ್ ತೋರಿಸಿದರೆ ಮಾಂಸ ತಿನ್ನಲು ಸುರಕ್ಷಿತ. ಎದೆಭಾಗವನ್ನು ಅಲ್ಲಿಗೇ ನಿಲ್ಲಿಸಿ. ತೊಡೆಗೆ 80ರಿಂದ 85 ಡಿಗ್ರಿಯವರೆಗೆ ಹೋದರೆ ಕೊಲಾಜೆನ್ ಕರಗಿ ಮಾಂಸ ಮೂಳೆಯಿಂದ ಸುಲಭವಾಗಿ ಬಿಡುತ್ತದೆ. ಒಲೆಯಿಂದ ಇಳಿಸಿ ಐದರಿಂದ ಹತ್ತು ನಿಮಿಷ ಬಿಟ್ಟು ಕತ್ತರಿಸಿದರೆ ರಸ ತಟ್ಟೆಗೆ ಹರಿಯುವುದು ಕಡಿಮೆಯಾಗುತ್ತದೆ. ಎದೆಯ ಮಾಂಸವನ್ನು ಎಳೆಗಳಿಗೆ ಅಡ್ಡಲಾಗಿ ಹೆಚ್ಚಬೇಕು.

ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ತೊಳೆಯುವ ಅಗತ್ಯವಿಲ್ಲ. ಸಿಡಿಯುವ ಹನಿಗಳು ಸಾಲ್ಮೊನೆಲ್ಲಾದಂಥ ರೋಗಾಣುಗಳನ್ನು ಸಿಂಕಿಗೂ ಪಕ್ಕದ ಪಾತ್ರೆಗಳಿಗೂ ಹರಡುತ್ತವೆ, ಅವು ಸಾಯುವುದು ಸರಿಯಾಗಿ ಬೇಯಿಸಿದಾಗಲೇ. ಹೆಪ್ಪುಗಟ್ಟಿದ ಮಾಂಸ ಫ್ರಿಜ್‌ನೊಳಗೇ ಕರಗಲಿ. ಉಳಿದ ಅಡುಗೆಯನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಮರುದಿನ ಬಿಸಿ ಮಾಡುವಾಗ ಒಂದೆರಡು ಚಮಚ ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ, ಒಳಗಿನ ತನಕ ಹಬೆಯಾಡುವಂತೆ ಕಾಯಿಸಿದರೆ ಮಾಂಸ ಒಣಗುವುದಿಲ್ಲ.